ಸಾಫ್ಟ್‌ಫೋನ್ ‘ರಿಜಿಸ್ಟರ್ಡ್’ ಅಂತ ಹಸಿರು ತೋರಿಸುತ್ತೆ, ಆದ್ರೆ ಮನೆಯಿಂದ ಮಾಡಿದ ಕಾಲ್‌ಗೆ ಧ್ವನಿಯೇ ಇಲ್ಲ, 32 ಸೆಕೆಂಡಿಗೆ ಕಟ್

ಎಕ್ಸ್‌ಟೆನ್ಶನ್204

ಆಫೀಸಿನ ಹಳೇ ಫೋನ್ ಲೈನ್ ತೆಗೆಸಿ ಎಲ್ಲರನ್ನೂ ಸಾಫ್ಟ್‌ಫೋನ್‌ಗೆ (ಕಂಪ್ಯೂಟರಲ್ಲೇ ಓಡೋ ಫೋನ್ ಆಪ್) ಹಾಕಿದ್ದಾಯ್ತು. ಸರ್ವರ್ ಆಸ್ಟರಿಸ್ಕ್ (ಕಾಲ್ ಕೂಡಿಸೋ ಸಾಫ್ಟ್‌ವೇರ್), ಅದರ ಸಿಪ್ ಭಾಗ ಪಿಜೆಸಿಪ್ (ಸಿಪ್ ಅಂದ್ರೆ ಇಂಟರ್ನೆಟ್ ಮೇಲೆ ಕಾಲ್ ಶುರು ಮಾಡಿ ಮುಗಿಸೋ ಸಂದೇಶಗಳ ನಿಯಮ), ಬಾಡಿಗೆಯ ಕ್ಲೌಡ್ ಮಷೀನ್ ಮೇಲಿದೆ. ಮಷೀನ್‌ನ ಒಳವಿಳಾಸ 10.20.0.5, ಪಬ್ಲಿಕ್ ಐಪಿಯನ್ನು ಕ್ಲೌಡ್‌ನವರೇ ಅದಕ್ಕೆ ಒಂದಕ್ಕೊಂದು ನ್ಯಾಟ್ ಮಾಡಿ (ಹೊರವಿಳಾಸವನ್ನು ಒಳವಿಳಾಸಕ್ಕೆ ಜೋಡಿಸಿ) ಕೊಟ್ಟಿದ್ದಾರೆ. ಒಟ್ಟು 17 ಎಕ್ಸ್‌ಟೆನ್ಶನ್: 12 ಆಫೀಸ್ ಒಳಗೆ, 5 ಮನೆಯಿಂದ ಕೆಲಸ ಮಾಡೋರದ್ದು. ಆಫೀಸಿನಿಂದ ಸರ್ವರ್‌ಗೆ ವೈರ್‌ಗಾರ್ಡ್ ಟನಲ್ (ವಿಪಿಎನ್) ಇದೆ. ಮನೆಯಿಂದ ಬರೋರು ನೇರ ಪಬ್ಲಿಕ್ ಐಪಿಗೆ ಬರ್ತಾರೆ. ಎಲ್ಲಾ ವಿಂಡೋಸ್ 11, ಸಿಪ್ ಸಂದೇಶಕ್ಕೆ ಯುಡಿಪಿ ಪೋರ್ಟ್ 5060, ಕೋಡೆಕ್ (ಧ್ವನಿಯನ್ನು ಡಿಜಿಟಲ್ ಮಾಡೋ ವಿಧಾನ) ಜಿ.711. ಧ್ವನಿ ಸಾಗೋ ಆರ್‌ಟಿಪಿಗೆ ಪೋರ್ಟ್ 10000 ರಿಂದ 20000, ಕ್ಲೌಡ್ ಫೈರ್‌ವಾಲ್‌ನಲ್ಲಿ ತೆರೆದಿದೆ.

ಆಫೀಸ್ ಒಳಗಿನ ಫೋನ್‌ಗಳು ಪರಸ್ಪರ ಮಾತಾಡೋದು ಸರಿಯಾಗಿದೆ. ಮನೆಯಿಂದ ಡಯಲ್ ಮಾಡಿದ್ರೆ ಆ ಕಡೆ ರಿಂಗ್ ಆಗುತ್ತೆ, ಎತ್ತುತ್ತಾರೆ, ಎರಡೂ ಕಡೆ ನಿಶ್ಶಬ್ದ. 32ನೇ ಸೆಕೆಂಡಿಗೆ ತಾನೇ ಕಟ್. ಗಡಿಯಾರ ಹಿಡಿದು ನೋಡಿದ್ದೇನೆ, ಪ್ರತಿಸಲ ಅಷ್ಟೇ. ಮನೆಗೆ ಬರೋ ಕಾಲ್ ಇನ್ನೊಂದು ಥರ. ಸಾಫ್ಟ್‌ಫೋನ್ ತೆರೆದ ತಕ್ಷಣ ಕಾಲ್ ಮಾಡಿದ್ರೆ ರಿಂಗ್ ಆಗುತ್ತೆ, ಐದು ನಿಮಿಷ ಬಿಟ್ಟು ಮಾಡಿದ್ರೆ ಸೀದಾ ವಾಯ್ಸ್‌ಮೇಲ್. ಪರದೆ ಮೇಲೆ ಮಾತ್ರ ಹಸಿರು ದೀಪ ಹಾಗೇ ಇರುತ್ತೆ.

ಇನ್ನೆರಡು ಸಣ್ಣವು. ಆಫೀಸಿನ ಒಂದೇ ಒಂದು ಕಂಪ್ಯೂಟರ್ ರಿಜಿಸ್ಟರ್ ಆಗುತ್ತೆ, ಒಳಬರೋ ಕಾಲ್ ಎತ್ತಬಹುದು, ಆದ್ರೆ ಯಾರಿಗೆ ಡಯಲ್ ಮಾಡಿದ್ರೂ 408 (ಉತ್ತರ ಬರದೆ ಸಮಯ ಮೀರಿತು ಅನ್ನೋ ದೋಷ). ಮತ್ತೆ ದಿನಾ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಹೊರಗಿನವರಿಗೆ ನಮ್ಮ ಮಾತು ತುಂಡು ತುಂಡಾಗಿ ಕೇಳುತ್ತಂತೆ, ನಮಗೆ ಅವರದ್ದು ಸ್ಪಷ್ಟ. ಎಲ್ಲಿಂದ ಶುರು ಮಾಡ್ಲಿ?

ಸಿಂಪಲ್ಲಾಗಿಹೇಳು

ಮನೆ ರೂಟರ್‌ನಲ್ಲಿ 5060 ಮತ್ತು 10000-20000 ಪೋರ್ಟ್ ಫಾರ್ವರ್ಡ್ ಮಾಡಿ. ಆಗದಿದ್ರೆ ಲ್ಯಾಪ್‌ಟಾಪನ್ನೇ ಡಿಎಂಜೆಡ್‌ಗೆ (ರೂಟರ್ ತಡೆಯಿಲ್ಲದೆ ಇಂಟರ್ನೆಟ್‌ಗೆ ಬಯಲು) ಹಾಕಿ. ಮುಗೀತು.

ಪ್ಯಾಕೆಟ್‌ಬೇಟೆ

ಡಿಎಂಜೆಡ್ ಬೇಡ ಮಾರಾಯ್ರೆ. ಫೋನ್ ಇರೋ ಕಡೆ ಪೋರ್ಟ್ ಫಾರ್ವರ್ಡ್ ಬೇಕಾಗೋದೇ ಇಲ್ಲ, ಒಳಗಿಂದ ಹೊರಗೆ ಸಂಪರ್ಕ ಶುರು ಮಾಡೋದು ಫೋನೇ ತಾನೆ. 5060 ಬಯಲಿಗೆ ಬಿಟ್ಟರೆ ಇಂಟರ್ನೆಟ್ ಪೂರ್ತಿ ಜಾಲಾಡೋ ಸ್ಕ್ಯಾನರ್‌ಗಳು ಸೀದಾ ಲ್ಯಾಪ್‌ಟಾಪ್‌ಗೇ ಇನ್ವೈಟ್ (ಕಾಲ್ ಶುರು ಮಾಡೋ ಸಂದೇಶ) ಕಳಿಸ್ತವೆ. ನಡುರಾತ್ರಿ ‘100’, ‘1001’ ಅಂತ ನಂಬರ್ ತೋರಿಸಿ ರಿಂಗ್ ಆಗುತ್ತೆ, ಎತ್ತಿದ್ರೆ ಯಾರೂ ಇರಲ್ಲ.

@ಎಕ್ಸ್‌ಟೆನ್ಶನ್204, 32 ಅನ್ನೋ ಸಂಖ್ಯೆಯೇ ಅರ್ಧ ಉತ್ತರ. ಅದು ಸಿಪ್ ನಿಯಮದಲ್ಲೇ ಇರೋ ಲೆಕ್ಕ. ಕಾಲ್ ಎತ್ತಿದಾಗ ಸರ್ವರ್ ನಿಮ್ಮ ಫೋನಿಗೆ ‘200 ಓಕೆ’ ಕಳಿಸುತ್ತೆ, ಫೋನ್ ಅದಕ್ಕೆ ‘ಎಸಿಕೆ’ (ತಲುಪಿತು ಅನ್ನೋ ಉತ್ತರ) ಕೊಡಬೇಕು. ಬರದಿದ್ರೆ ಸರ್ವರ್ ಅರ್ಧ ಸೆಕೆಂಡ್ ಬಿಟ್ಟು ಮತ್ತೆ ಕಳಿಸುತ್ತೆ, ಆಮೇಲೆ 1, 2, 4, 4 ಹೀಗೆ. ಮೂಲ ಟೈಮರ್ 500 ಮಿಲಿಸೆಕೆಂಡ್, ಅದರ 64 ಪಟ್ಟು ಅಂದ್ರೆ 32 ಸೆಕೆಂಡ್ ಕಾದು, ಇನ್ನು ಪ್ರಯೋಜನ ಇಲ್ಲ ಅಂತ ‘ಬೈ’ ಹೇಳಿ ಮುಚ್ಚುತ್ತೆ. ಅಂದ್ರೆ ಕಟ್ ಮಾಡ್ತಿರೋದು ನೆಟ್ ಅಲ್ಲ, ನಿಮ್ಮ ಸರ್ವರ್ರೇ. ಎಸಿಕೆ ದಾರಿ ತಪ್ಪಿದೆ.

ಯಾಕೆ ತಪ್ಪಿದೆ ಅಂತ ಕಣ್ಣಾರೆ ನೋಡಬೇಕಾದ್ರೆ ಆಸ್ಟರಿಸ್ಕ್ ಕನ್ಸೋಲ್‌ನಲ್ಲಿ ‘ಪಿಜೆಸಿಪ್ ಸೆಟ್ ಲಾಗರ್ ಆನ್’ ಕೊಟ್ಟು ಮನೆಯಿಂದ ಒಂದು ಕಾಲ್ ಮಾಡಿಸಿ. ಸರ್ವರ್ ಕಳಿಸೋ 200 ಓಕೆಯಲ್ಲಿ ಈ ಮೂರು ಸಾಲು ಹುಡುಕಿ:

ಕಾಂಟ್ಯಾಕ್ಟ್: <ಸಿಪ್:10.20.0.5:5060>
ಸಿ=ಐಎನ್ ಐಪಿ4 10.20.0.5
ಎಂ=ಆಡಿಯೋ 14822 ಆರ್‌ಟಿಪಿ/ಎವಿಪಿ 8 0 101

ಮೊದಲನೇ ಸಾಲು ‘ಮುಂದಿನ ಸಂದೇಶಗಳನ್ನು ಇಲ್ಲಿಗೆ ಕಳಿಸು’ ಅಂತ, ಎರಡನೇದು ಮತ್ತು ಮೂರನೇದು ‘ಧ್ವನಿಯನ್ನು ಈ ವಿಳಾಸದ 14822 ಪೋರ್ಟ್‌ಗೆ ಕಳಿಸು’ ಅಂತ. ಕೊನೆಯಲ್ಲಿರೋ 8 ಮತ್ತು 0 ಜಿ.711ರ ಎರಡು ಬಗೆ, 101 ಕೀಪ್ಯಾಡ್ ಒತ್ತೋದಕ್ಕೆ. ಊರಾಚೆ ಇರೋರಿಗೆ ಪತ್ರ ಬರೆದು ‘ಒಳಕೋಣೆಗೆ ಬನ್ನಿ’ ಅಂದ ಹಾಗಾಯ್ತು. ಮನೆಯಲ್ಲಿರೋ ಫೋನಿಗೆ 10.20.0.5 ಎಲ್ಲಿದೆ ಅಂತ ಗೊತ್ತಿಲ್ಲ, ಎಸಿಕೆನೂ ಧ್ವನಿನೂ ಅಲ್ಲೇ ಸಾಯುತ್ತೆ. ಆಫೀಸಿನವರಿಗೆ ಟನಲ್ ಇರೋದ್ರಿಂದ ಅದೇ ವಿಳಾಸ ತಲುಪುತ್ತೆ, ಅದಕ್ಕೇ ಅವರಿಗೆ ತೊಂದರೆ ಕಾಣಲ್ಲ. ಹಸಿರು ದೀಪ ಹೇಳೋದು ಇಷ್ಟೇ: ಒಂದು ರಿಜಿಸ್ಟರ್ ಸಂದೇಶ ಹೋಯ್ತು, ಉತ್ತರ ಬಂತು. ಧ್ವನಿಯ ದಾರಿ ಬೇರೆ, ಅದರ ಬಗ್ಗೆ ದೀಪಕ್ಕೆ ಏನೂ ಗೊತ್ತಿರಲ್ಲ.

ಸರಿಪಡಿಸೋದು ಪಿಜೆಸಿಪ್ ಕಾನ್ಫಿಗ್‌ನ ಟ್ರಾನ್ಸ್‌ಪೋರ್ಟ್ ವಿಭಾಗದಲ್ಲಿ. ‘ಎಕ್ಸ್‌ಟರ್ನಲ್ ಸಿಗ್ನಲಿಂಗ್ ಅಡ್ರೆಸ್’ ಮತ್ತು ‘ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್’ ಎರಡಕ್ಕೂ ಪಬ್ಲಿಕ್ ಐಪಿ ಕೊಡಿ. ಜೊತೆಗೆ ‘ಲೋಕಲ್ ನೆಟ್’ ಸಾಲು ಎರಡು ಸಲ ಬೇಕು, ಒಂದು ಕ್ಲೌಡ್ ಒಳಜಾಲಕ್ಕೆ, ಇನ್ನೊಂದು ಟನಲ್ ಆಚೆಯ ಆಫೀಸ್ ಸಬ್‌ನೆಟ್‌ಗೆ. ಎರಡನೇದನ್ನು ತುಂಬಾ ಜನ ಮರೀತಾರೆ. ಮರೆತ್ರೆ ಇಷ್ಟು ದಿನ ಸರಿಯಿದ್ದ ಆಫೀಸ್ ಫೋನ್‌ಗಳಿಗೆ ಪಬ್ಲಿಕ್ ವಿಳಾಸ ಹೋಗಿ, ಮನೆ ಸರಿಯಾಗಿ ಆಫೀಸ್ ಕೆಡುತ್ತೆ. ಇನ್ನೊಂದು, ಟ್ರಾನ್ಸ್‌ಪೋರ್ಟ್ ವಿಭಾಗದ ಬದಲಾವಣೆ ಬರೀ ರೀಲೋಡ್‌ಗೆ ಹತ್ತಲ್ಲ. ಆಸ್ಟರಿಸ್ಕನ್ನೇ ರೀಸ್ಟಾರ್ಟ್ ಮಾಡಬೇಕು. ರೀಲೋಡ್ ಮಾಡಿ ‘ಏನೂ ಬದಲಾಗಲಿಲ್ಲ’ ಅಂತ ಸರಿಯಾದ ಸಾಲನ್ನೇ ಅಳಿಸಿ ಕೂತವರು ಬೇಕಾದಷ್ಟಿದ್ದಾರೆ.

ಮನೆಯ ಐದು ಎಂಡ್‌ಪಾಯಿಂಟ್‌ಗಳಲ್ಲಿ (ಒಂದೊಂದು ಫೋನಿನ ಸೆಟ್ಟಿಂಗ್ ವಿಭಾಗ) ‘ಆರ್‌ಟಿಪಿ ಸಿಮೆಟ್ರಿಕ್’, ‘ಫೋರ್ಸ್ ಆರ್‌ಪೋರ್ಟ್’, ‘ರೀರೈಟ್ ಕಾಂಟ್ಯಾಕ್ಟ್’ ಮೂರೂ ‘ಯೆಸ್’ ಇರಲಿ. ಫೋನ್ ತನ್ನ 192.168 ವಿಳಾಸ ಬರೆದು ಕಳಿಸಿದ್ರೂ, ಪ್ಯಾಕೆಟ್ ನಿಜವಾಗಿ ಯಾವ ವಿಳಾಸದಿಂದ ಬಂತೋ ಅಲ್ಲಿಗೇ ಸರ್ವರ್ ವಾಪಸ್ ಕಳಿಸುತ್ತೆ. ಇದಿದ್ರೆ ಫೋನ್ ಕಡೆ ಸ್ಟನ್ (ತನ್ನ ಪಬ್ಲಿಕ್ ವಿಳಾಸ ಕೇಳಿ ತಿಳಿಯೋ ವಿಧಾನ) ಹಾಕೋ ಅಗತ್ಯವೂ ಇಲ್ಲ.

ಐದು ನಿಮಿಷಕ್ಕೆ ವಾಯ್ಸ್‌ಮೇಲ್‌ಗೆ ಹೋಗೋದು ಬೇರೆ ಕಾಯಿಲೆ. ಫೋನ್ ಮಾತಾಡಿದಾಗ ಮನೆ ರೂಟರ್ ಅದಕ್ಕೊಂದು ಕಿಂಡಿ ತೆರೆದಿಡುತ್ತೆ. ಯುಡಿಪಿ ಕಿಂಡಿಯನ್ನು ಎಷ್ಟೋ ರೂಟರ್‌ಗಳು 30 ಸೆಕೆಂಡ್ ಸುಮ್ಮನಿದ್ರೆ ಮುಚ್ಚಿಬಿಡ್ತವೆ, ಕೆಲವು ಎರಡು ಮೂರು ನಿಮಿಷ ಕಾಯ್ತವೆ. ನಿಮ್ಮ ರಿಜಿಸ್ಟ್ರೇಶನ್ ಅವಧಿ ಬಹುಶಃ 3600 ಸೆಕೆಂಡ್ ಇದೆ, ಅಂದ್ರೆ ಫೋನ್ ಒಂದು ಗಂಟೆ ಬಾಯಿ ಬಿಡಲ್ಲ. ಅಷ್ಟರಲ್ಲಿ ಕಿಂಡಿ ಮುಚ್ಚಿ ಎಷ್ಟೋ ಹೊತ್ತಾಗಿರುತ್ತೆ. ಸಾಫ್ಟ್‌ಫೋನ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಕೀಪ್ ಅಲೈವ್’ 25 ಸೆಕೆಂಡ್ ಮಾಡಿ. ಸರ್ವರ್ ಕಡೆ ಎಓಆರ್ (ಫೋನ್ ಎಲ್ಲಿ ಸಿಗುತ್ತೆ ಅನ್ನೋ ದಾಖಲೆ) ವಿಭಾಗದಲ್ಲಿ ‘ಕ್ವಾಲಿಫೈ ಫ್ರೀಕ್ವೆನ್ಸಿ’ 25 ಕೊಟ್ಟರೂ ನಡೆಯುತ್ತೆ. ಸರ್ವರ್ ಆಗಾಗ ‘ಇದ್ದೀಯಾ?’ ಅಂತ ಕೇಳುತ್ತೆ, ಫೋನ್ ಉತ್ತರ ಕೊಡೋವಾಗ ಕಿಂಡಿ ನವೀಕರಣ ಆಗುತ್ತೆ. ಅದರ ಇನ್ನೊಂದು ಲಾಭ, ‘ಪಿಜೆಸಿಪ್ ಶೋ ಕಾಂಟ್ಯಾಕ್ಟ್ಸ್’ ಕೊಟ್ಟರೆ ಯಾರು ನಿಜವಾಗಿ ಸಿಗ್ತಾರೆ, ಎಷ್ಟು ಮಿಲಿಸೆಕೆಂಡ್ ದೂರ ಇದ್ದಾರೆ ಅಂತ ಕಾಣುತ್ತೆ.

408 ಕೊಡೋ ಆ ಒಂದು ಕಂಪ್ಯೂಟರ್: ಕೋಡೆಕ್ ಪಟ್ಟಿ ನೋಡಿ. ವಿಡಿಯೋ, ಐಸಿಇ (ಧ್ವನಿಗೆ ದಾರಿ ಹುಡುಕೋ ವಿಧಾನ), ಹತ್ತು ಕೋಡೆಕ್ ಎಲ್ಲಾ ಟಿಕ್ ಆಗಿರಬೇಕು. ರಿಜಿಸ್ಟರ್ ಸಂದೇಶ ಚಿಕ್ಕದು, ಹೋಗುತ್ತೆ. ಇಷ್ಟೆಲ್ಲ ತುಂಬಿದ ಇನ್ವೈಟ್ 1400 ಬೈಟ್ ದಾಟುತ್ತೆ. ವೈರ್‌ಗಾರ್ಡ್ ಟನಲ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸಾಮಾನ್ಯವಾಗಿ 1420 ಬೈಟ್, ದಾಟಿದ ಪ್ಯಾಕೆಟ್ ಎರಡು ತುಂಡಾಗಬೇಕು. ಎರಡನೇ ತುಂಡಿನಲ್ಲಿ ಪೋರ್ಟ್ ನಂಬರ್ ಇರಲ್ಲ, ಹಾಗಾಗಿ ಎಷ್ಟೋ ಫೈರ್‌ವಾಲ್‌ಗಳು ಅದನ್ನ ಎಸೀತವೆ. ಸರ್ವರ್‌ಗೆ ಅರ್ಧ ಪತ್ರ ಸಿಕ್ಕ ಹಾಗೆ, ಉತ್ತರವೇ ಇಲ್ಲ. 1300 ಬೈಟ್ ಮೀರಿದ್ರೆ ಟಿಸಿಪಿಗೆ ಹೋಗು ಅಂತ ಸಿಪ್ ನಿಯಮ ಹೇಳುತ್ತೆ, ಸಾಫ್ಟ್‌ಫೋನ್‌ಗಳೆಲ್ಲ ಪಾಲಿಸಲ್ಲ. ಜಿ.711 ಎರಡೇ ಬಿಟ್ಟು ಉಳಿದ ಟಿಕ್ ತೆಗೀರಿ.

ಅಪ್‌ಲೋಡ್‌ಲೆಕ್ಕ

ಮಧ್ಯಾಹ್ನದ್ದಕ್ಕೆ ನಾನು ಹೇಳ್ತೀನಿ. ನಿಮ್ಮ ಮಾತು ಅವರಿಗೆ ಒಡೆದು ಕೇಳುತ್ತೆ, ಅವರ ಮಾತು ನಿಮಗೆ ಸ್ಪಷ್ಟ ಅಂದ್ರೆ ಕೆಟ್ಟಿರೋದು ಅಪ್‌ಲೋಡ್ ಮಾತ್ರ. ದಿನಾ ಅದೇ ಹೊತ್ತಿಗೆ ಅಂದ್ರೆ ಯಾವುದೋ ಬ್ಯಾಕಪ್ ಅಥವಾ ಕ್ಲೌಡ್ ಸಿಂಕ್ ಶುರುವಾಗ್ತಿದೆ.

ಜನ ಮೊದಲು ಮಾಡೋದು ಪ್ಲಾನ್ ದೊಡ್ಡದು ಮಾಡಿಸೋದು. ಅದಕ್ಕಿಂತ ಮುಂಚೆ ಲೆಕ್ಕ ಹಾಕಿ. ಜಿ.711ರಲ್ಲಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಸೆಕೆಂಡಿಗೆ 50. ಒಂದೊಂದರಲ್ಲಿ 160 ಬೈಟ್ ಧ್ವನಿ, ಅದರ ಮೇಲೆ ಆರ್‌ಟಿಪಿ, ಯುಡಿಪಿ, ಐಪಿ ಹೊದಿಕೆ 40 ಬೈಟ್, ಈಥರ್ನೆಟ್‌ನದ್ದು 18. ಒಟ್ಟು 218 ಬೈಟ್, ಅಂದ್ರೆ ಒಂದು ಕಾಲ್‌ಗೆ ಒಂದು ದಿಕ್ಕಿನಲ್ಲಿ 87.2 ಕಿಲೋಬಿಟ್. ವೈರ್‌ಗಾರ್ಡ್ ಹೊದಿಕೆ ಸೇರಿಸಿದ್ರೆ ಸುಮಾರು 115. ಹನ್ನೆರಡೂ ಜನ ಒಟ್ಟಿಗೆ ಮಾತಾಡಿದ್ರೂ 1.4 ಮೆಗಾಬಿಟ್ ದಾಟಲ್ಲ. ಜಾಗ ಸಾಲದೆ ಅಲ್ಲ, ಸರದಿಯಲ್ಲಿ ಸಿಕ್ಕಿಕೊಂಡು ತಡ ಆಗ್ತಿದೆ. ಬ್ಯಾಕಪ್ ಮೊಡೆಮ್‌ನ ಬಫರ್ ತುಂಬಿಸಿಬಿಡುತ್ತೆ, ಅದರ ಹಿಂದೆ ನಿಮ್ಮ ಚಿಕ್ಕ ಧ್ವನಿ ಪ್ಯಾಕೆಟ್ ನಿಂತಿರುತ್ತೆ.

ಪರೀಕ್ಷೆ ಹೀಗೆ: ಬೆಳಿಗ್ಗೆ ಒಂದ್ಸಲ, ಆ ಹೊತ್ತಿಗೆ ಒಂದ್ಸಲ, ಮೊದಲು ರೂಟರ್‌ಗೆ ಆಮೇಲೆ ಸರ್ವರ್‌ಗೆ 200 ಪಿಂಗ್ ಹೊಡೀರಿ. ರೂಟರ್‌ವರೆಗೇ ಸಮಯ ಏರಿಳಿದ್ರೆ ವೈ-ಫೈ ದೋಷ, ಆ ಮಷೀನ್‌ಗೆ ಕೇಬಲ್ ಹಾಕಿ. ರೂಟರ್ ತನಕ 1 ಮಿಲಿಸೆಕೆಂಡ್, ಸರ್ವರ್‌ಗೆ ಮಾತ್ರ 25 ಇದ್ದದ್ದು 300, 400ಕ್ಕೆ ಏರಿದ್ರೆ ಬಫರ್ ತುಂಬಿದೆ. ಮಾತು ಸಲೀಸಾಗಿರೋಕೆ ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗೆ, ಜಿಟರ್ (ತಡದ ಏರಿಳಿತ) 30ರ ಒಳಗೆ, ಪ್ಯಾಕೆಟ್ ನಷ್ಟ ಶೇ 1ರ ಒಳಗೆ ಇರಬೇಕು.

ಮದ್ದು: ರೂಟರ್‌ನಲ್ಲಿ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ (ಪ್ಯಾಕೆಟ್ ಸರದಿ ನಿಭಾಯಿಸೋ ಸೆಟ್ಟಿಂಗ್) ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ಶೇ 85-90ಕ್ಕೆ ಕಟ್ಟಿ. ಆಗ ಸರದಿ ಮೊಡೆಮ್‌ನಲ್ಲಿ ಬೆಳೆಯೋ ಬದಲು ರೂಟರ್‌ನ ಹಿಡಿತಕ್ಕೆ ಬರುತ್ತೆ. ಅದಿಲ್ಲ ಅಂದ್ರೆ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲೇ ವೇಗ ಮಿತಿ ಹಾಕಿ, ರಾತ್ರಿಗೆ ತಳ್ಳಿ.

ಸಾಫ್ಟ್‌ಫೋನ್‌ನಲ್ಲಿ ಡಿಎಸ್‌ಸಿಪಿ (ಪ್ಯಾಕೆಟ್ ಮೇಲಿನ ಆದ್ಯತೆಯ ಗುರುತು) 46 ಅಂತ ಬರೆದು ಆದ್ಯತೆ ಸಿಕ್ಕಿತು ಅಂದುಕೊಳ್ಳಬೇಡಿ. ಅಪ್ಲಿಕೇಶನ್ ಹಾಕೋ ಆ ಗುರುತನ್ನ ವಿಂಡೋಸ್ ಸಾಮಾನ್ಯವಾಗಿ ಲೆಕ್ಕಕ್ಕೇ ತಗೊಳ್ಳಲ್ಲ, ಗ್ರೂಪ್ ಪಾಲಿಸಿಯಲ್ಲಿ ‘ಪಾಲಿಸಿ-ಬೇಸ್ಡ್ ಕ್ಯೂಓಎಸ್’ ಅಡಿ ಆ ಎಕ್ಸ್‌ಇ ಹೆಸರಿಗೆ 46 ಕೊಡಬೇಕು. ಇಂಟರ್ನೆಟ್ ಕಂಪನಿ ಆ ಗುರುತನ್ನು ಗೌರವಿಸೋದು ಅಪರೂಪ, ಅದೇನಿದ್ರೂ ನಿಮ್ಮ ರೂಟರ್ ಬಾಗಿಲ ತನಕ.

ಎಕ್ಸ್‌ಟೆನ್ಶನ್204

ಟ್ರಾನ್ಸ್‌ಪೋರ್ಟ್‌ನಲ್ಲಿ ಎರಡು ಎಕ್ಸ್‌ಟರ್ನಲ್ ಸಾಲು, ಎರಡು ಲೋಕಲ್ ನೆಟ್ ಸೇರಿಸಿ ರೀಸ್ಟಾರ್ಟ್ ಮಾಡಿದೆ. 32 ಸೆಕೆಂಡ್ ಕಟ್ ಹೋಯ್ತು. ಕೀಪ್ ಅಲೈವ್ 25 ಹಾಕಿದ ಮೇಲೆ ಎರಡು ಗಂಟೆ ಬಿಟ್ಟು ಕಾಲ್ ಮಾಡಿದ್ರೂ ರಿಂಗ್ ಆಗ್ತಿದೆ. 408 ಕಂಪ್ಯೂಟರ್‌ನಲ್ಲಿ ವಿಡಿಯೋ ಮತ್ತು ಒಂಬತ್ತು ಕೋಡೆಕ್ ಟಿಕ್ ಇತ್ತು, ತೆಗೆದ ಮೇಲೆ ಡಯಲ್ ಆಗುತ್ತೆ. ಪಿಂಗ್ ನಾಳೆ ನೋಡ್ತೀನಿ.

ಉಳಿದದ್ದು ಎರಡು. ಮನೆಯಿಂದ ಹೊರಗಿನ ನಂಬರ್‌ಗೆ ಸರಿಯಾಗಿದೆ. ಆದ್ರೆ ಮನೆಯಿಂದ ಆಫೀಸ್ ಎಕ್ಸ್‌ಟೆನ್ಶನ್‌ಗೆ ಮಾಡಿದ್ರೆ ಮೊದಲ ‘ಹಲೋ’ ಕೇಳುತ್ತೆ, ಆಮೇಲೆ ಇಬ್ಬರಿಗೂ ಏನೂ ಇಲ್ಲ. ಕಾಲ್ ಕಟ್ ಆಗಲ್ಲ.

ಇನ್ನೊಂದು ಮನೆಯಲ್ಲಿ ಸಾಫ್ಟ್‌ಫೋನ್ ದಿನಕ್ಕೆ ನಾಲ್ಕೈದು ಸಲ ಆಫ್‌ಲೈನ್ ಆಗುತ್ತೆ, ಸುಮಾರು 10 ನಿಮಿಷಕ್ಕೆ ತಾನೇ ವಾಪಸ್ ಬರುತ್ತೆ. ಆ ಹೊತ್ತಿಗೆ ಬ್ರೌಸರ್, ಮೇಲ್ ಎಲ್ಲಾ ಓಡ್ತಿರುತ್ತೆ. ರೂಟರ್ ಬದಲಿಸಿ ನೋಡಿದ್ರು, ಹಾಗೇ ಇದೆ.

ಪ್ಯಾಕೆಟ್‌ಬೇಟೆ

‘ಹಲೋ’ ಒಂದೇ ಕೇಳಿ ನಿಂತುಹೋದ್ರೆ ಅದು ಡೈರೆಕ್ಟ್ ಮೀಡಿಯಾ. ಆಸ್ಟರಿಸ್ಕ್‌ನಲ್ಲಿ ಮೊದಲಿಂದಲೇ ‘ಯೆಸ್’ ಇರುತ್ತೆ. ಕಾಲ್ ಕೂಡಿದ ತಕ್ಷಣ ಸರ್ವರ್ ಇಬ್ಬರಿಗೂ ಮತ್ತೊಂದು ಇನ್ವೈಟ್ ಕಳಿಸಿ, ‘ನಾನ್ಯಾಕೆ ಮಧ್ಯೆ, ನೀವಿಬ್ಬರೇ ನೇರ ಮಾತಾಡ್ಕೊಳ್ಳಿ’ ಅಂತ ಪಕ್ಕಕ್ಕೆ ಸರಿಯುತ್ತೆ. ಒಂದೇ ಆಫೀಸ್ ಒಳಗೆ ಒಳ್ಳೇದೇ. ಇಲ್ಲಿ ಒಬ್ಬರು ಮನೆಯ ನ್ಯಾಟ್ ಹಿಂದೆ, ಇನ್ನೊಬ್ಬರು ಟನಲ್ ಹಿಂದೆ, ಒಬ್ಬರಿಂದ ಇನ್ನೊಬ್ಬರಿಗೆ ದಾರಿಯೇ ಇಲ್ಲ. ಆ ಮೊದಲ ಸೆಕೆಂಡಿನ ಹಲೋ ಮಾತ್ರ ಸರ್ವರ್ ಮೂಲಕ ಹೋಗಿದ್ದು. 17 ಎಂಡ್‌ಪಾಯಿಂಟ್‌ಗಳಿಗೂ ‘ಡೈರೆಕ್ಟ್ ಮೀಡಿಯಾ’ ‘ನೋ’ ಮಾಡಿ. ಇದಕ್ಕೆ ರೀಲೋಡ್ ಸಾಕು. ಧ್ವನಿ ಎಲ್ಲಾ ಸರ್ವರ್ ಮೂಲಕ ಹೋಗೋದ್ರಿಂದ ಅದರ ಬ್ಯಾಂಡ್‌ವಿಡ್ತ್ ಸ್ವಲ್ಪ ಹೆಚ್ಚು ತಿನ್ನುತ್ತೆ, 17 ಫೋನಿಗೆ ಅದು ಲೆಕ್ಕಕ್ಕಿಲ್ಲ.

ಮುಂದೆ ಇಂಥ ಅನುಮಾನ ಬಂದ್ರೆ ಲ್ಯಾಪ್‌ಟಾಪ್‌ನಲ್ಲಿ ವೈರ್‌ಶಾರ್ಕ್ ಹಾಕಿ, ಟೆಲಿಫೋನಿ ಮೆನುವಿನಲ್ಲಿ ‘ವಿಓಐಪಿ ಕಾಲ್ಸ್’ ತೆರೆದು ‘ಫ್ಲೋ ಸೀಕ್ವೆನ್ಸ್’ ಒತ್ತಿ. ಬಾಣದ ಗುರುತುಗಳಲ್ಲಿ ಪೂರ್ತಿ ಸಂಭಾಷಣೆ ಕಾಣುತ್ತೆ. ಮಧ್ಯದಲ್ಲಿ ಎರಡನೇ ಇನ್ವೈಟ್ ಬಂದು ಧ್ವನಿಯ ಬಾಣದ ವಿಳಾಸ ಬದಲಾದ ಜಾಗದಲ್ಲೇ ಮಾತು ನಿಂತಿರುತ್ತೆ.

ಬ್ಯಾನ್‌ಆದವ

ಆಗೋದು 10 ನಿಮಿಷ, ಉಳಿದ ಇಂಟರ್ನೆಟ್ ಸರಿಯಿದೆ, ರೂಟರ್ ಬದಲಿಸಿದ್ರೂ ಅಷ್ಟೇ. ಸರ್ವರ್ ಮೇಲೆ ಫೇಲ್2ಬ್ಯಾನ್ (ತಪ್ಪು ಪಾಸ್‌ವರ್ಡ್ ಕೊಡೋ ಐಪಿಯನ್ನು ತಡೆಯೋ ಸಾಫ್ಟ್‌ವೇರ್) ಇದೆಯಾ ನೋಡಿ. ಅದರ ಮೂಲ ಸೆಟ್ಟಿಂಗ್‌ನಲ್ಲಿ ನಿಷೇಧದ ಅವಧಿ 10 ನಿಮಿಷ. ಆಸ್ಟರಿಸ್ಕ್ ಜೈಲಿಗೆ (ಆಸ್ಟರಿಸ್ಕ್‌ಗೆಂದೇ ಅದರಲ್ಲಿರೋ ನಿಯಮ) 10 ನಿಮಿಷದೊಳಗೆ 10 ತಪ್ಪು ಪಾಸ್‌ವರ್ಡ್ ಬಿದ್ರೆ ಆ ಐಪಿ ಪೂರ್ತಿ ಹೊರಗೆ. ಆ ಮನೆಯಲ್ಲಿ ಇನ್ನೊಂದು ಸಾಧನ ಹಳೇ ಪಾಸ್‌ವರ್ಡ್ ಇಟ್ಟುಕೊಂಡು ಬಾಗಿಲು ಬಡೀತಿರುತ್ತೆ, ಹೆಚ್ಚಾಗಿ ಮೊಬೈಲಿನಲ್ಲಿ ಯಾವತ್ತೋ ಹಾಕಿ ಮರೆತ ಆಪ್. ಅದು ತಪ್ಪು ಮಾಡುತ್ತೆ, ಒಂದೇ ಐಪಿ ಆದ್ದರಿಂದ ಲ್ಯಾಪ್‌ಟಾಪ್‌ಗೂ ಶಿಕ್ಷೆ.

ಸರ್ವರ್‌ನಲ್ಲಿ ‘ಫೇಲ್2ಬ್ಯಾನ್-ಕ್ಲೈಂಟ್ ಸ್ಟೇಟಸ್ ಆಸ್ಟರಿಸ್ಕ್’ ಕೊಟ್ಟರೆ ನಿಷೇಧವಾದ ಐಪಿ ಪಟ್ಟಿ ಬರುತ್ತೆ. ಲಾಗ್ ಓದುವಾಗ ಒಂದು ಎಚ್ಚರ: ಪ್ರತಿ ರಿಜಿಸ್ಟರ್‌ಗೂ ಮೊದಲು ಒಂದು 401 ಬಂದೇ ಬರುತ್ತೆ, ಅದು ‘ಪಾಸ್‌ವರ್ಡ್ ತೋರಿಸು’ ಅನ್ನೋ ಮಾಮೂಲಿ ಪ್ರಶ್ನೆ. ಅದರ ಹಿಂದೆ 200 ಬಂದ್ರೆ ಎಲ್ಲಾ ಸರಿ. 401 ಮೇಲೆ 401 ಬರ್ತಾನೇ ಇದ್ರೆ ಪಾಸ್‌ವರ್ಡ್ ಅಥವಾ ಆಥೆಂಟಿಕೇಶನ್ ಯೂಸರ್‌ನೇಮ್ ತಪ್ಪು. ಆ ಎರಡನೇದು ಎಕ್ಸ್‌ಟೆನ್ಶನ್ ನಂಬರ್ರೇ ಆಗಿರಬೇಕು ಅಂತಿಲ್ಲ, ಕಾನ್ಫಿಗ್‌ನ ಆಥ್ ವಿಭಾಗದಲ್ಲಿ ಏನಿದೆಯೋ ಅದು.

ಮನೆ ಐಪಿಯನ್ನು ವಿನಾಯಿತಿ ಪಟ್ಟಿಗೆ ಸೇರಿಸೋಣ ಅಂತ ಹೋಗಬೇಡಿ, ಆ ಐಪಿ ಬದಲಾಗ್ತಿರುತ್ತೆ. ಫೇಲ್2ಬ್ಯಾನ್ ಆಫ್ ಮಾಡೋದಂತೂ ಬೇಡವೇ ಬೇಡ. ಹಳೇ ಆಪ್ ಹುಡುಕಿ ತೆಗೀರಿ.

ಎಕ್ಸ್‌ಟೆನ್ಶನ್204

ಪಟ್ಟಿಯಲ್ಲಿ ಆ ಮನೆ ಐಪಿ ಇತ್ತು. ಟ್ಯಾಬ್ಲೆಟ್ ಒಂದರಲ್ಲಿ ಹಳೇ ಆಪ್ ಸಿಕ್ತು, ಅಳಿಸಿದ್ದಾಯ್ತು. ಡೈರೆಕ್ಟ್ ಮೀಡಿಯಾ ಕೂಡ ತೆಗೆದೆ, ಮನೆ-ಆಫೀಸ್ ಕಾಲ್ ಸರಿಹೋಯ್ತು.

ಸಿಂಪಲ್ಲಾಗಿಹೇಳು

ಡಿಎಂಜೆಡ್ ಮಾತು ವಾಪಸ್ ತಗೊಂಡೆ. ಆದ್ರೆ ಇಷ್ಟೆಲ್ಲ ಯುಡಿಪಿ ರಗಳೆ ಯಾಕೆ, ಮನೆಯಿಂದ ಬರೋ ಐದು ಜನರನ್ನ ಟಿಎಲ್‌ಎಸ್‌ಗೆ (ಗೂಢಲಿಪಿ ಸಂಪರ್ಕ) ಹಾಕಿದ್ರೆ ಆಗಲ್ವಾ?

ಪ್ಯಾಕೆಟ್‌ಬೇಟೆ

ಈ ಸಲ ನಿಮ್ಮ ಪಕ್ಷ ನಾನು. ಟಿಎಲ್‌ಎಸ್ 5061ಕ್ಕೆ ಹೋದ್ರೆ ಟಿಸಿಪಿ ಮೇಲೆ ಓಡುತ್ತೆ, ದೊಡ್ಡ ಇನ್ವೈಟ್ ತುಂಡಾಗೋ ಸಮಸ್ಯೆ ಇಲ್ಲ. ಟಿಸಿಪಿ ಕಿಂಡಿಯನ್ನು ರೂಟರ್‌ಗಳು ಯುಡಿಪಿಗಿಂತ ಹೆಚ್ಚು ಹೊತ್ತು ತೆರೆದಿಡ್ತವೆ. ಎಲ್ಲಕ್ಕಿಂತ ದೊಡ್ಡ ಲಾಭ, ಮನೆ ರೂಟರ್‌ನ ಸಿಪ್ ಎಎಲ್‌ಜಿ ಇದರಲ್ಲಿ ಕೈಯಾಡಿಸಕ್ಕಾಗಲ್ಲ. ಅದು ‘ಸಹಾಯ’ ಮಾಡ್ತೀನಿ ಅಂತ ಸಂದೇಶದೊಳಗಿನ ವಿಳಾಸ ತಿದ್ದುತ್ತೆ, ತಪ್ಪಾಗಿ ತಿದ್ದುತ್ತೆ. ಕೆಲವು ರೂಟರ್‌ಗಳಲ್ಲಿ ಅದನ್ನ ಆಫ್ ಮಾಡೋ ಬಟನ್ನೇ ಇರಲ್ಲ. ಒಳಗಿರೋದು ಗೂಢಲಿಪಿ ಆದ್ರೆ ತಿದ್ದೋಕೆ ಅದಕ್ಕೆ ಏನೂ ಕಾಣಲ್ಲ.

ಬೇಕಾಗೋದು: ಸರ್ವರ್‌ಗೊಂದು ಡೊಮೈನ್ ಹೆಸರು, ಅದಕ್ಕೆ ಸರ್ಟಿಫಿಕೇಟ್. ಸಾಫ್ಟ್‌ಫೋನ್‌ನಲ್ಲಿ ಐಪಿ ಬದಲು ಆ ಹೆಸರನ್ನೇ ಬರೀಬೇಕು, ಇಲ್ಲಾಂದ್ರೆ ಸರ್ಟಿಫಿಕೇಟ್ ಜೊತೆ ತಾಳೆ ಆಗಲ್ಲ. ಲ್ಯಾಪ್‌ಟಾಪ್‌ನ ಗಡಿಯಾರ ತಪ್ಪಿದ್ರೂ ‘ಅವಧಿ ಮುಗಿದಿದೆ’ ಅಂತ ತಿರಸ್ಕರಿಸುತ್ತೆ. ಟ್ರಾನ್ಸ್‌ಪೋರ್ಟ್ ಹೊಸದಾದ್ದರಿಂದ ಎಕ್ಸ್‌ಟರ್ನಲ್ ಸಾಲುಗಳನ್ನೂ ಲೋಕಲ್ ನೆಟ್ಟನ್ನೂ ಅದರಲ್ಲೂ ಮತ್ತೆ ಬರೀಬೇಕು, ಯುಡಿಪಿಯದ್ದರಿಂದ ತಾನಾಗಿ ಬರಲ್ಲ. ಸರ್ಟಿಫಿಕೇಟ್ ನವೀಕರಣ ಆದಾಗ ಆಸ್ಟರಿಸ್ಕ್ ರೀಸ್ಟಾರ್ಟ್ ಮಾಡೋದನ್ನೂ ಆ ಸ್ಕ್ರಿಪ್ಟ್‌ಗೇ ಸೇರಿಸಿ. ಇಲ್ಲಾಂದ್ರೆ ಹೊಸದು ಡಿಸ್ಕ್ ಮೇಲಿರುತ್ತೆ, ಓಡ್ತಿರೋದು ಹಳೇದು.

ಮತ್ತೆ, ಟಿಎಲ್‌ಎಸ್ ಮುಚ್ಚೋದು ಸಂದೇಶವನ್ನ ಮಾತ್ರ, ಧ್ವನಿಯನ್ನಲ್ಲ. ಅದಕ್ಕೆ ಎಸ್‌ಆರ್‌ಟಿಪಿ (ಗೂಢಲಿಪಿಯ ಆರ್‌ಟಿಪಿ) ಬೇರೆ: ಎಂಡ್‌ಪಾಯಿಂಟ್‌ನಲ್ಲಿ ‘ಮೀಡಿಯಾ ಎನ್‌ಕ್ರಿಪ್ಶನ್’ಗೆ ‘ಎಸ್‌ಡಿಇಎಸ್’ (ಗೂಢಲಿಪಿಯ ಕೀ ಹಂಚೋ ವಿಧಾನ), ಸಾಫ್ಟ್‌ಫೋನ್‌ನಲ್ಲೂ ಅದೇ. ಒಂದು ಕಡೆ ಹಾಕಿ ಇನ್ನೊಂದು ಕಡೆ ಮರೆತ್ರೆ ರಿಜಿಸ್ಟರ್ ಚೆನ್ನಾಗಿ ಆಗುತ್ತೆ, ದೀಪ ಹಸಿರಾಗೇ ಇರುತ್ತೆ, ಡಯಲ್ ಮಾಡಿದ ಕೂಡಲೇ 488 (ಧ್ವನಿಯ ಷರತ್ತು ಹೊಂದಲ್ಲ ಅನ್ನೋ ದೋಷ).